ಎರಡನೆಯ ಗಿಳಿ ಯಾರಿಗಾಗಿ?

ನಮ್ಮ ವಾರ್ತಾಪತ್ರದ ಕೊನೆಯ ಪುಟದಲ್ಲಿ, ಭರತನಾಟ್ಯ ತರಗತಿಗೂ ಮನೆ ಬಾಡಿಗೆಗೂ ಮಧ್ಯೆ, ಕಳೆದ ಮೂರು ಸಂಚಿಕೆಗಳಿಂದ ಒಂದು ಹೊಸ ಬಗೆಯ ಪ್ರಕಟಣೆ ಕಾಣಿಸಿಕೊಳ್ಳುತ್ತಿದೆ. "ನಮ್ಮ ಗಿಳಿಗೆ ಜೊತೆ ಬೇಕಾಗಿದೆ. ಮರಿಯಾದರೆ ಉತ್ತಮ. ಒಳ್ಳೆಯ ಬ್ರೀಡರ್ ಗೊತ್ತಿದ್ದವರು ದಯವಿಟ್ಟು ತಿಳಿಸಿ." ಒಂದು ಮನೆಯವರದು ಆಫ್ರಿಕನ್ ಗ್ರೇ, ಇನ್ನೊಂದು ಮನೆಯವರದು ಕಾನ್ಯೂರ್. ಮೂರನೆಯವರು ಯಾವ ಜಾತಿಯೆಂದು ಬರೆದೇ ಇಲ್ಲ. "ಹಸಿರು ಬಣ್ಣ, ಬಹಳ ಮುದ್ದು" ಎಂದಷ್ಟೇ ಇದೆ. ವಧೂವರರ ಅಂಕಣದಲ್ಲಾದರೂ ಗೋತ್ರ, ನಕ್ಷತ್ರ, ಎತ್ತರ, ಗ್ರೀನ್ ಕಾರ್ಡು ಎಲ್ಲವನ್ನೂ ಬರೆಯುತ್ತೇವೆ!

ಇಂಥ ಪ್ರಕಟಣೆಗಳನ್ನು ಹಾಕಬೇಡಿ ಎಂದು ಸಂಪಾದಕರಿಗೆ ಫೋನ್ ಮಾಡಿದೆ. "ಬೈಯುವುದನ್ನು ಫೋನಿನಲ್ಲಿ ಬೈದರೆ ಏನು ಪ್ರಯೋಜನ, ಬರೆದುಕೊಡಿ" ಎಂದರು. ಬರೆದುಕೊಟ್ಟಿದ್ದೇನೆ. ಪ್ರಕಟಣೆ ಕೊಟ್ಟವರಿಗೆ ಬೇಸರವಾದರೆ ಆಗಲಿ. ನನ್ನ ಮಾತು ಇಷ್ಟೇ: ಎರಡನೆಯ ಗಿಳಿಯನ್ನು ಮೊದಲನೆಯ ಗಿಳಿಗೆ ಔಷಧಿಯೆಂದು ತರಬಾರದು. ಅದಕ್ಕೂ ಒಂದು ಬಾಳಿದೆ, ಆ ಬಾಳಿಗೆ ನಾವು ಹೊಣೆ ಎಂದು ಒಪ್ಪಿದವರು ಮಾತ್ರ ತರಬೇಕು. ತರುವುದಾದರೂ ಅಂಗಡಿಯಲ್ಲಿ ಮರಿ ಕೊಳ್ಳದೆ, ಯಾರೋ ಬಿಟ್ಟುಹೋದ, ಬೆಳೆದ ಗಿಳಿಯನ್ನು ದತ್ತು ತೆಗೆದುಕೊಳ್ಳಬೇಕು.

ನಮ್ಮ ಊರುಗಳಲ್ಲಿ ಒಂದು ಚಿಕಿತ್ಸೆ ಇತ್ತು, ನಿಮಗೂ ನೆನಪಿರಬಹುದು. ಹುಡುಗ ಕೆಲಸಕ್ಕೆ ಹೋಗುವುದಿಲ್ಲ, ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ, ಮಾತಾಡಿಸಿದರೆ ಸಿಡುಕುತ್ತಾನೆ. ಹಿರಿಯರು ಸೇರಿ, "ಒಂದು ಮದುವೆ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ" ಎನ್ನುತ್ತಿದ್ದರು. ಸರಿಹೋಗದಿದ್ದಾಗ ಅನುಭವಿಸುತ್ತಿದ್ದವಳು ಮಾತ್ರ ಬೇರೆ ಯಾರದೋ ಮನೆಯ ಹುಡುಗಿ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಮಕ್ಕಳ ವಿಷಯದಲ್ಲಿ ನಾವು ಆ ಚಿಕಿತ್ಸೆಯನ್ನು ಬಿಟ್ಟಿದ್ದೇವೆ (ಬಿಟ್ಟಿದ್ದೇವೆ ಎಂದುಕೊಂಡಿದ್ದೇನೆ). ಆದರೆ ಗಿಳಿಯ ವಿಷಯಕ್ಕೆ ಬಂದರೆ ಅದೇ ಹಳೆಯ ಕಷಾಯ. ಗಿಳಿ ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತದೆ, ಎದೆಯ ಗರಿ ಕಿತ್ತುಕೊಳ್ಳುತ್ತದೆ, ಕೈ ಕಚ್ಚುತ್ತದೆ. ಪಾಪ, ಒಂಟಿಯಾಗಿದೆ, ಒಂದು ಜೊತೆ ತಂದುಬಿಡೋಣ!

ತಂದ ಮೇಲೆ ಏನಾಗುತ್ತದೆ? ನಾನು ಶನಿವಾರಗಳಲ್ಲಿ ಒಂದು ಪಕ್ಷಿಗಳ ಶೆಲ್ಟರಿಗೆ ಪಂಜರ ತೊಳೆಯಲು ಹೋಗುತ್ತೇನೆ. ಬಿಟ್ಟುಹೋಗಲು ಬಂದವರು ತಮ್ಮ ಕತೆಯನ್ನು ಹೇಳದೆ ಹೋಗುವುದಿಲ್ಲ; ಪಂಜರ ತೊಳೆಯುವವರಿಗೆ ಅದನ್ನು ಕೇಳುವುದೂ ಒಂದು ಕೆಲಸ. ಕೆಲವು ಮನೆಗಳಲ್ಲಿ ಎರಡು ಗಿಳಿಗಳೂ ಹೊಂದಿಕೊಂಡಿರುತ್ತವೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿರುತ್ತವೆ ಎಂದರೆ ಹಳೆಯ ಗಿಳಿ ಮನೆಯವರ ಹೆಗಲು ಹತ್ತುವುದನ್ನೇ ಬಿಟ್ಟಿರುತ್ತದೆ. ಹತ್ತಿರ ಹೋದರೆ ಎರಡೂ ಸೇರಿ ಕಚ್ಚುತ್ತವೆ. ಗಿಳಿಗಳ ಮಟ್ಟಿಗೆ ಇದು ಸುಖಾಂತ. ಅಳುವುದು ಮನೆಯ ಮಗಳು. "ಮೊದಲು ನನ್ನ ಹತ್ತಿರ ಬರ್ತಿತ್ತು" ಎಂದು ಆ ಮಗು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಇನ್ನು ಕೆಲವು ಮನೆಗಳಲ್ಲಿ ಎರಡೂ ಒಂದರ ಮುಖ ಒಂದು ನೋಡುವುದಿಲ್ಲ, ಮೊದಲಿನ ಕಿರುಚಾಟಕ್ಕೆ ಎರಡನೆಯದು ಸ್ವರ ಸೇರಿಸುತ್ತದೆ. ಮತ್ತೆ ಕೆಲವೆಡೆ ರಕ್ತ ಹರಿಯುತ್ತದೆ. ದೊಡ್ಡ ಗಿಳಿಯ ಕೊಕ್ಕಿಗೆ ಸಣ್ಣ ಗಿಳಿಯ ಕಾಲ್ಬೆರಳು ಕಡಲೆಕಾಯಿಗೆ ಸಮ. ಕಾಕಟೂಗಳಲ್ಲಂತೂ ವರ್ಷಗಟ್ಟಲೆ ಜೊತೆಗಿದ್ದ ಹೆಣ್ಣನ್ನೇ ಗಂಡು ಕೊಂದುಹಾಕುವುದುಂಟು. ಪಕ್ಷಿಗಳನ್ನು ನೋಡುವ ಯಾವ ಪಶುವೈದ್ಯರನ್ನಾದರೂ ಕೇಳಿ.

ಲೋಕಪ್ರಸಿದ್ಧವಾದ ಅಲೆಕ್ಸ್ ಎಂಬ ಗಿಳಿಯ ಕತೆಯನ್ನೇ ತೆಗೆದುಕೊಳ್ಳಿ. 1977ರಲ್ಲಿ ಐರೀನ್ ಪೆಪರ್‌ಬರ್ಗ್ ಎಂಬ ವಿಜ್ಞಾನಿ ಆ ಆಫ್ರಿಕನ್ ಗ್ರೇಯನ್ನು ಕೊಂಡದ್ದು ನಮ್ಮ ಶಿಕಾಗೋದ ಒಂದು ಸಾಕುಪ್ರಾಣಿಗಳ ಅಂಗಡಿಯಲ್ಲಿ. ಬಣ್ಣ, ಆಕಾರ, ಎಣಿಕೆ ಎಲ್ಲವನ್ನೂ ಕಲಿತು, 2007ರಲ್ಲಿ ಸಾಯುವವರೆಗೆ ಅದು ಪತ್ರಿಕೆಗಳಲ್ಲೂ ಟಿವಿಯಲ್ಲೂ ಮಿಂಚಿತು. ಆ ಪ್ರಯೋಗಶಾಲೆಗೆ ಗ್ರಿಫಿನ್ ಮೊದಲಾದ ಎಳೆಯ ಗಿಳಿಗಳೂ ಬಂದವು. ಅಲೆಕ್ಸ್ ಅವುಗಳನ್ನು ಮಡಿಲಲ್ಲಿಟ್ಟು ಸಾಕಿತೇ? ಅವು ಪಾಠ ಒಪ್ಪಿಸುವಾಗ ತಪ್ಪಿದರೆ, ಸ್ಪಷ್ಟವಾಗಿ ಮಾತಾಡು ಎಂದು ಇಂಗ್ಲಿಷಿನಲ್ಲೇ ಗದರುತ್ತಿತ್ತು. ಹಳೆಯ ಕಾಲದ ಕೂಲಿಮಠದ ಐಗಳು ಇದಕ್ಕಿಂತ ವಾಸಿ. ಹಗಲೆಲ್ಲ ಒಬ್ಬರಲ್ಲ ಒಬ್ಬರು ಮನುಷ್ಯರು ಜೊತೆಗಿರುತ್ತಿದ್ದ, ದಿನವಿಡೀ ಕೆಲಸ ಕೊಡುತ್ತಿದ್ದ ಜಾಗದಲ್ಲೇ ಹೊಸ ಗಿಳಿಗೆ ಸಿಕ್ಕ ಸ್ವಾಗತ ಇದು. ಎಂಟೂವರೆಗೆ ಬೀಗ ಹಾಕಿ ಹೊರಟು ಆರೂವರೆಗೆ ಬಾಗಿಲು ತೆಗೆಯುವ ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ಯಾಕೆ ನಿರೀಕ್ಷಿಸಬೇಕು?

ಇಲ್ಲಿ ಎದುರುವಾದಿಗಳ ಬಳಿ ಒಂದು ಒಳ್ಳೆಯ ಬಾಣವಿದೆ. ಅವರು ಬಿಡುವ ಮೊದಲು ನಾನೇ ಅದನ್ನು ತೆಗೆದು ತೋರಿಸುತ್ತೇನೆ. ಗಿಳಿ ಹಿಂಡಿನ ಹಕ್ಕಿ. ಕಾಡಿನಲ್ಲಿ ಅದು ಒಂಟಿಯಾಗಿ ಇರುವುದೇ ಇಲ್ಲ. 2014ರಲ್ಲಿ ಆಸ್ಟ್ರಿಯಾದ ಸಂಶೋಧಕರು 45 ಆಫ್ರಿಕನ್ ಗ್ರೇಗಳ ರಕ್ತ ಪರೀಕ್ಷೆ ಮಾಡಿ, ಕ್ರೋಮೋಸೋಮಿನ ತುದಿಯಲ್ಲಿರುವ, ವಯಸ್ಸಾದಂತೆ ಸವೆಯುವ ಟೆಲೊಮಿಯರ್ ಎಂಬ ಭಾಗವನ್ನು ಅಳೆದರು. ಒಂಟಿಯಾಗಿ ಇಟ್ಟಿದ್ದ ಒಂಬತ್ತು ವರ್ಷದ ಗಿಳಿಗಳಲ್ಲಿ ಅದು, ಜೋಡಿಯಾಗಿ ಬಾಳಿದ, ತಮಗಿಂತ 23 ವರ್ಷ ಹಿರಿಯ ಗಿಳಿಗಳಲ್ಲಿ ಸವೆದಷ್ಟೇ ಸವೆದಿತ್ತು! ಸ್ವಿಟ್ಜರ್ಲೆಂಡಿನ 2008ರ ಪ್ರಾಣಿರಕ್ಷಣಾ ನಿಯಮಗಳು ಗಿಳಿಯಂಥ ಹಿಂಡಿನ ಪ್ರಾಣಿಗಳನ್ನು ಒಂಟಿಯಾಗಿ ಸಾಕಬಾರದೆಂದು ಹೇಳುತ್ತವೆ. "ನೋಡಿ, ವಿಜ್ಞಾನವೂ ಕಾನೂನೂ ನಮ್ಮ ಕಡೆಗಿವೆ" ಎಂದು ನೀವು ಹೇಳಬಹುದು.

ಒಂಟಿತನ ಗಿಳಿಯನ್ನು ತಿನ್ನುತ್ತದೆ, ಒಪ್ಪಿದೆ. ಆದರೆ ಜೋಡಿಯಾಗಿ ಬಾಳಿದ ಗಿಳಿ ಚೆನ್ನಾಗಿದೆ ಎನ್ನುವುದು ಬೇರೆ, ಹತ್ತು ವರ್ಷ ಮನುಷ್ಯರ ನಡುವೆ ಒಂದೇ ಬೆಳೆದು, ತಾನೂ ಈ ಮನೆಯ ಮಗನೇ ಎಂದುಕೊಂಡ ಗಿಳಿಯ ಮುಂದೆ ಇದ್ದಕ್ಕಿದ್ದಂತೆ ಒಂದು ಅಪರಿಚಿತ ಹಕ್ಕಿಯನ್ನು ತಂದು ಕೂರಿಸುವುದು ಬೇರೆ. ಮೊದಲನೆಯದರಿಂದ ಎರಡನೆಯದು ತಾನಾಗಿ ಬರುವುದಿಲ್ಲ. ಆ ಬಾಣ ತಾಗಬೇಕಾದದ್ದು ಒಂಟಿ ಮರಿಯನ್ನು ಮಾರುವವರಿಗೆ, ಕೊಳ್ಳುವವರಿಗೆ. ಅದನ್ನೇ ಹಿಡಿದುಕೊಂಡು ಇನ್ನೊಂದು ಮರಿ ಕೊಳ್ಳಲು ಹೊರಟರೆ ಹೇಗೆ?

ಅದೂ ಅಲ್ಲದೆ, ನಾವು ಒಂಟಿತನ ಎನ್ನುವುದು ಎಷ್ಟೋ ಸಲ ಒಂಟಿತನವೇ ಆಗಿರುವುದಿಲ್ಲ. ಗರಿ ಕೀಳುವ ಗಿಳಿಯನ್ನು ಮೊದಲು ಪಕ್ಷಿವೈದ್ಯರಿಗೆ ತೋರಿಸಬೇಕು; ಚರ್ಮ, ಯಕೃತ್ತು, ಸೋಂಕು ಏನೂ ಇರಬಹುದು. ಆಮೇಲೆ ಊಟ. ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಗಿಳಿಗೆ ವಿಟಮಿನ್ 'ಎ' ಸಾಲದು, ಕೊಬ್ಬು ಮಾತ್ರ ಹೆಚ್ಚು. ಸೊಪ್ಪು, ಕ್ಯಾರೆಟ್ಟು, ಗೆಣಸು, ಒಳ್ಳೆಯ ಪೆಲೆಟ್ಟು ಕೊಡಬೇಕು. (ನಮ್ಮ ಅಜ್ಜಿಯರು ಹಸಿಮೆಣಸಿನಕಾಯಿ ಕೊಡುತ್ತಿದ್ದರಲ್ಲ, ಅದರಲ್ಲಿ ತಪ್ಪಿಲ್ಲ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಿಳಿಯುವುದೇ ಇಲ್ಲ.) ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆ. ಗಿಳಿಗೆ ಕತ್ತಲಲ್ಲಿ ಹತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ನಮ್ಮ ಮನೆಗಳಲ್ಲಿ ಪಂಜರ ಇರುವುದು ಫ್ಯಾಮಿಲಿ ರೂಮಿನಲ್ಲಿ, ಟಿವಿಯ ಪಕ್ಕದಲ್ಲಿ. ರಾತ್ರಿ ಹನ್ನೊಂದರವರೆಗೆ ಕ್ರಿಕೆಟ್ಟು, ಆಮೇಲೆ ಊರಿಗೆ ಫೋನು, ಬೆಳಗ್ಗೆ ಐದೂವರೆಗೆ ಸುಪ್ರಭಾತ. ಆರು ಗಂಟೆ ನಿದ್ದೆ ಮಾಡಿದ ಗಿಳಿ ಸಂಜೆ ಕಿರುಚದೆ ಇನ್ನೇನು ಮಾಡುತ್ತದೆ? ನಿಮ್ಮನ್ನು ಆರು ತಿಂಗಳು ಹಾಗೆ ಇಟ್ಟರೆ ನೀವೂ ಕಿರುಚುತ್ತೀರಿ. ಆಗ ಯಾರಾದರೂ "ಪಾಪ, ಇವರಿಗೆ ಇನ್ನೊಂದು ಸಂಬಂಧ ನೋಡೋಣ" ಎಂದರೆ ಹೇಗಿರುತ್ತದೆ?

ಇದನ್ನೆಲ್ಲ ಸರಿಪಡಿಸಿದ ಮೇಲೂ ಎರಡನೆಯದು ಬೇಕು ಎನಿಸಿದರೆ ಬೇಡವೆನ್ನಲು ನಾನು ಯಾರು? ಆದರೆ ಒಂದು ಪ್ರಶ್ನೆಗೆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಬರೆದು, ಆಮೇಲೆ ಚೀಟಿ ಬಿಚ್ಚಿ ನೋಡಿ. ಹೊಸ ಗಿಳಿಯನ್ನು ಹಳೆಯದು ಎಂದೆಂದಿಗೂ ಒಪ್ಪದಿದ್ದರೆ, ಎರಡು ಪಂಜರ, ಎರಡು ಕೋಣೆ, ಹೊರಗೆ ಬಿಡುವ ಎರಡು ಬೇರೆ ಬೇರೆ ಹೊತ್ತು, ಇಷ್ಟನ್ನು ಮುಂದಿನ ಮೂವತ್ತು ವರ್ಷ ನಡೆಸುತ್ತೀರಾ? ನಡೆಸುತ್ತೇವೆ ಎಂದರೆ ಶೆಲ್ಟರಿನ ದಾರಿ ತೋರಿಸುತ್ತೇನೆ. "ಹಾಗಾದರೆ ವಾಪಸು ಕೊಡೋಣ" ಎಂದರೆ ನಿಮಗೆ ಬೇಕಾದದ್ದು ಗಿಳಿಯಲ್ಲ, ಗಿಳಿಗೊಂದು ಆಟದ ಸಾಮಾನು.

ಈಗ ಮರಿಯ ವಿಷಯ. "ಮರಿಯಾದರೆ ಉತ್ತಮ" ಎಂದು ಮೂವರೂ ಬರೆದಿದ್ದಾರೆ. ಯಾಕೆ ಉತ್ತಮ? ಕೈತುತ್ತು ಹಾಕಿ ನಾವೇ ಬೆಳೆಸಿದರೆ ನಮ್ಮ ಮಾತು ಕೇಳುತ್ತದೆ ಎಂಬ ನಂಬಿಕೆ. ಮನೆಯಲ್ಲಿ ಹದಿನಾರು ವರ್ಷದ ಮಕ್ಕಳಿರುವವರೂ ಇದನ್ನು ನಂಬುತ್ತಾರಲ್ಲ ಎಂಬುದೇ ನನಗೆ ಆಶ್ಚರ್ಯ! ಗಿಳಿಗೂ ಪ್ರಾಯ ಬರುತ್ತದೆ. ಅಂಗೈಯಲ್ಲಿ ನಿದ್ದೆ ಮಾಡುತ್ತಿದ್ದ ಅಮೆಜಾನ್ ಮರಿ ಕೆಲವು ವರ್ಷಗಳಲ್ಲಿ ಕಣ್ಣಿನ ಪಾಪೆಯನ್ನು ಕಿರಿದು ಹಿರಿದು ಮಾಡುತ್ತಾ, ಬಾಲ ಬಿಚ್ಚಿಕೊಂಡು ಮೇಲೆ ಬೀಳುತ್ತದೆ. ದಿನವಿಡೀ ಮುದ್ದಿಸಿಕೊಂಡ ಕಾಕಟೂ ಮರಿ ಬೆಳೆದ ಮೇಲೆ ಹತ್ತು ನಿಮಿಷ ಬಿಟ್ಟಿದ್ದರೂ ಅಕ್ಕಪಕ್ಕದ ಮನೆಗೆ ಕೇಳುವಂತೆ ಕೂಗುತ್ತದೆ. ಮರಿಯನ್ನು ನೋಡಿ ಅದು ಯಾವ ಸ್ವಭಾವದ ಗಿಳಿ ಆಗುತ್ತದೆಂದು ಮಾರುವವರಿಗೂ ಗೊತ್ತಿರುವುದಿಲ್ಲ, ಕೊಳ್ಳುವವರಿಗೂ ಗೊತ್ತಿರುವುದಿಲ್ಲ. ದೇವಸ್ಥಾನದ ಮುಂದೆ ಗಿಣಿಶಾಸ್ತ್ರ ಹೇಳುವವರ ಚೀಟಿಯನ್ನು ಇದಕ್ಕಿಂತ ಹೆಚ್ಚು ನಂಬಬಹುದು.

ಬೆಳೆದ ಗಿಳಿಯಲ್ಲಿ ಈ ಜೂಜಿಲ್ಲ. ಅದರ ಕೂಗು ಎಷ್ಟು ದೊಡ್ಡದು, ಹೆಂಗಸರ ಹತ್ತಿರ ಹೋಗುತ್ತದೋ ಗಂಡಸರ ಹತ್ತಿರವೋ, ಮಕ್ಕಳನ್ನು ಕಂಡರೆ ಏನು ಮಾಡುತ್ತದೆ, ಬೇರೆ ಗಿಳಿ ಎದುರಾದರೆ ಹೇಗಿರುತ್ತದೆ, ಎಲ್ಲವೂ ಆಗಲೇ ತಿಳಿದಿರುತ್ತದೆ. ಒಳ್ಳೆಯ ಶೆಲ್ಟರಿನವರು ಮುಚ್ಚಿಡದೆ ಹೇಳುತ್ತಾರೆ, ಯಾಕೆಂದರೆ ಆ ಗಿಳಿ ಮತ್ತೆ ವಾಪಸು ಬರುವುದು ಅವರಿಗೆ ಬೇಡ. "ಬಿಟ್ಟುಹೋದ ಗಿಳಿ ಎಂದಮೇಲೆ ಏನೋ ದೋಷವಿರಬೇಕು" ಎನ್ನುವವರಿದ್ದಾರೆ. ಯಜಮಾನರು ತೀರಿಕೊಂಡರು, ವಿಚ್ಛೇದನವಾಯಿತು, ಮಗು ಹುಟ್ಟಿತು, ಅಪಾರ್ಟ್‌ಮೆಂಟಿನವರು ತಕರಾರು ಮಾಡಿದರು, ಬೇರೆ ಊರಿಗೆ ವರ್ಗವಾಯಿತು: ನಾನು ಕೇಳುವ ಕಾರಣಗಳು ಇವು. ಇದರಲ್ಲಿ ಗಿಳಿಯ ದೋಷ ಎಲ್ಲಿದೆ? ಯೂಟಾದ ಕನಾಬ್‌ನಲ್ಲಿರುವ ಬೆಸ್ಟ್ ಫ್ರೆಂಡ್ಸ್ ಸಂಸ್ಥೆ ತನ್ನ ಪ್ರಾಣಿಧಾಮದಲ್ಲಿ ನಾಯಿ ಬೆಕ್ಕುಗಳ ಜೊತೆಗೆ ಗಿಳಿಗಳಿಗೆಂದೇ ಬೇರೊಂದು ಜಾಗ ಮಾಡಬೇಕಾಗಿ ಬಂದಿದೆ. ಕಾಡಿನ ಹಕ್ಕಿಗಳ ಆಮದನ್ನು ಈ ದೇಶ 1992ರ ಕಾಯಿದೆಯಿಂದ ಬಹುಮಟ್ಟಿಗೆ ನಿಲ್ಲಿಸಿತು. ಹಾಗಾಗಿ ಈಗ ಶೆಲ್ಟರಿಗೆ ಬರುವ ಗಿಳಿಗಳಲ್ಲಿ ಹೆಚ್ಚಿನವು ಇಲ್ಲೇ, ಯಾರದೋ ಷೆಡ್ಡಿನಲ್ಲಿ ಮರಿಯಾಗಿ, ಯಾರದೋ ಮನೆಯಲ್ಲಿ ಮುದ್ದಾಗಿ, ಆಮೇಲೆ ಬೇಡವಾದವು.

ಹೋದ ಚಳಿಗಾಲದಲ್ಲಿ ಅಂಥದ್ದೊಂದು ಬಂತು. ಆಫ್ರಿಕನ್ ಗ್ರೇ, ಸುಮಾರು ಹನ್ನೆರಡು ವರ್ಷದ್ದು. ಮಾತು ಬರುವುದಿಲ್ಲ, ಅರ್ಥವಿಲ್ಲದ ಶಬ್ದ ಮಾಡುತ್ತದೆ ಎಂದು ಅಲ್ಲಿನವರು ಚೀಟಿಯಲ್ಲಿ ಬರೆದಿದ್ದರು. ನಾನು ಪಕ್ಕದ ಪಂಜರದ ಕಾಗದ ಬದಲಾಯಿಸುತ್ತಿದ್ದೆ. ಹಿಂದಿನಿಂದ ಕುಕ್ಕರಿನ ವಿಷಲ್ಲು ಕೇಳಿತು, ಒಂದು, ಎರಡು, ಮೂರು. ಅದರ ಹಿಂದೆಯೇ ವಯಸ್ಸಾದ ಹೆಂಗಸಿನ ದನಿಯಲ್ಲಿ, "ಒಲೆ ಆರ್ಸೇ." ಸ್ವಲ್ಪ ಹೊತ್ತು ಬಿಟ್ಟು, "ಯಾರ್ ಬಂದ್ರು ನೋಡು." ನಾನು ತಿರುಗಿ, "ಯಾರೂ ಇಲ್ಲ ಕಣೋ, ನಾನೇ" ಎಂದೆ. ಅದು ಕತ್ತು ಓರೆ ಮಾಡಿ ನನ್ನನ್ನೇ ನೋಡಿತು. ಎರಡು ತಿಂಗಳಿಂದ ಆ ಕೋಣೆಯಲ್ಲಿ ಅದು ಆಡಿದ ಒಂದು ಮಾತಿಗೂ ಯಾರೂ ಉತ್ತರ ಕೊಟ್ಟಿರಲಿಲ್ಲ. ದಾಖಲೆಯ ಹಾಳೆಯಲ್ಲಿ ಬಿಟ್ಟುಹೋದ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿದ್ದರು: ಮೊದಲಿನ ಗಿಳಿಗೆ ಜೊತೆಯಾಗಿ ಕೊಂಡದ್ದು, ಹೊಂದಾಣಿಕೆ ಆಗಲಿಲ್ಲ.

ಆ ಮನೆ ಯಾವುದೆಂದು ನಾನು ವಿಚಾರಿಸಲಿಲ್ಲ. ಈ ವಾರ್ತಾಪತ್ರ ಅವರ ಮನೆಗೂ ಹೋಗುತ್ತಿರಬಹುದು. ಮುಂದಿನ ಯುಗಾದಿಯ ಊಟದ ಸಾಲಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂರಬಹುದು, ನಾನು ಅವರಿಗೆ ಕೋಸಂಬರಿ ಬಡಿಸಬಹುದು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. "ಜೊತೆ ಬೇಕಾಗಿದೆ" ಎಂಬ ಯೋಚನೆಯೇ ಹೀಗೆ ಕೊನೆಗೊಳ್ಳುವಂಥದ್ದು ಎಂದು ಹೇಳುತ್ತಿದ್ದೇನೆ. ಜೊತೆಯೆಂದು ಬಂದದ್ದು ಜೊತೆಯಾಗದಿದ್ದರೆ ಆ ಮನೆಯಲ್ಲಿ ಅದಕ್ಕೆ ಬೇರೆ ಕೆಲಸವೇ ಇರುವುದಿಲ್ಲ. (ಆ ಗ್ರೇಯನ್ನು ಮಕ್ಕಳಿಲ್ಲದ ಒಬ್ಬ ನಿವೃತ್ತ ಶಿಕ್ಷಕರು ಕರೆದುಕೊಂಡು ಹೋದರು. ಅವರು ಕನ್ನಡದವರಲ್ಲ. ಅದು ಹೇಳುವ ಹದಿನಾಲ್ಕು ಮಾತುಗಳನ್ನೂ ಅರ್ಥಸಹಿತ ಬರೆದುಕೊಟ್ಟಿದ್ದೇನೆ.)

ಇನ್ನು ಯಾವುದನ್ನು ಆರಿಸುವುದು? ಮೊದಲನೆಯದಕ್ಕೆ ಅಪಾಯವಾಗದ್ದನ್ನು. ಗ್ರೇ, ಕಾಕಟೂ, ಕಾಕಟೀಲ್‌ಗಳ ಗರಿಯಿಂದ ಬಿಳಿಯ ಹುಡಿ ಉದುರುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿರುವುದು ನೀಲಿ ಹಳದಿ ಮಕಾ ಆಗಿದ್ದರೆ ಆ ಹುಡಿಯಿಂದ ಅದರ ಶ್ವಾಸಕೋಶವೇ ಕೆಟ್ಟುಹೋಗಬಹುದು. ಎರಡನ್ನೂ ಒಂದೇ ಗಾಳಿಯಲ್ಲಿ ಇಡಬಾರದು. ಗಾತ್ರದಲ್ಲಿ ಬಹಳ ಅಂತರ ಬೇಡ. ಆದರೆ ಗಾತ್ರ ಸಮನಾದರೆ ಸಾಕು ಎಂದುಕೊಳ್ಳಬೇಡಿ: ಅಂಗೈಯಗಲದ ಲವ್ ಬರ್ಡ್ ಹೆಸರಿಗೆ ಮಾತ್ರ ಪ್ರೇಮಪಕ್ಷಿ, ತನಗಿಂತ ದೊಡ್ಡದರ ಕಾಲನ್ನೂ ಕಚ್ಚಿಹಾಕುತ್ತದೆ. ಕಾಕಟೀಲ್ ಸಾಧು, ಬಡ್ಜಿ ಚೂಟಿ. ಒಂದೇ ಪಂಜರದಲ್ಲಿಟ್ಟರೆ ಚೂಟಿಯಾದದ್ದು ಸಾಧುವನ್ನು ಗೋಳುಹೊಯ್ದುಕೊಳ್ಳುತ್ತದೆ. ಗಂಡೋ ಹೆಣ್ಣೋ ಎಂಬುದನ್ನು ಅನೇಕ ಜಾತಿಗಳಲ್ಲಿ ನೋಡಿ ಹೇಳಲಾಗುವುದಿಲ್ಲ, ಗರಿ ಅಥವಾ ರಕ್ತದ ಡಿಎನ್ಎ ಪರೀಕ್ಷೆಯೇ ಆಗಬೇಕು. ಗಂಡು ಹೆಣ್ಣು ಸೇರಿಸಿ "ಮೊಮ್ಮಕ್ಕಳನ್ನು ನೋಡೋಣ" ಎನ್ನುವ ಆಸೆಯನ್ನು ಮಾತ್ರ ಇಲ್ಲೇ ಕೈಬಿಡಿ. ಶೆಲ್ಟರುಗಳು ತುಂಬಿರುವುದು ಹಾಗೆ ಹುಟ್ಟಿದವುಗಳಿಂದಲೇ.

ನಮ್ಮವರಲ್ಲಿ ಅನೇಕರಿಗೆ ಬೇಕಾದದ್ದು ಊರಿನ ಗಿಳಿಯೇ, ಕತ್ತಿನಲ್ಲಿ ಗುಲಾಬಿ ಕಂಠಿ ಇರುವುದು. ಇಲ್ಲಿ ಅದರ ಹೆಸರು ಇಂಡಿಯನ್ ರಿಂಗ್‌ನೆಕ್. ಅಜ್ಜಿಯ ಮನೆಯ ಪಡಸಾಲೆ, ತಗಡಿನ ಪಂಜರ, "ರಾಮ ರಾಮ" ಎನ್ನುವ ಗಿಳಿ, ಎಲ್ಲವೂ ನೆನಪಾಗುತ್ತದೆ. ಆ ಗಿಳಿಯನ್ನು ಭಾರತದಲ್ಲಿ ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮರದ ಪೊಟರೆಯಿಂದ ಕದ್ದು ತಂದ ಮರಿಯೇ ಅಜ್ಜಿಯ ಮನೆಯಲ್ಲಿ ರಾಮ ರಾಮ ಎನ್ನುತ್ತಿದ್ದುದು. ಇಲ್ಲಿ ಸಾಕಲು ಸಿಗುವುದು ಪಂಜರದಲ್ಲೇ ಹುಟ್ಟಿದವು, ನೀಲಿ ಹಳದಿ ಬಣ್ಣದವೂ ಇವೆ. ಆ ಗಿಳಿ ಮುದ್ದು ಮಾಡಿಸಿಕೊಳ್ಳುವ ಜಾತಿಯಲ್ಲ. ಹೆಣ್ಣೇ ಯಜಮಾನಿ, ಮರಿಮಾಡುವ ಕಾಲ ಬಿಟ್ಟರೆ ಗಂಡನ್ನು ಹತ್ತಿರ ಸೇರಿಸುವುದೂ ಕಷ್ಟ. ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ. ಇದೆಲ್ಲ ತಿಳಿದೂ ಬೇಕೆಂದರೆ ಶೆಲ್ಟರುಗಳಲ್ಲಿ ರಿಂಗ್‌ನೆಕ್ ಸಿಗುತ್ತದೆ, ಕರೆದುಕೊಂಡು ಬನ್ನಿ. ಆದರೆ ನೆನಪಿಗಾಗಿ ಬೇಕೆಂದರೆ ಅಜ್ಜಿಯ ಫೋಟೋಗೆ ಒಳ್ಳೆಯ ಕಟ್ಟು ಹಾಕಿಸಿ, ಅದು ಬೀಜ ಚೆಲ್ಲುವುದಿಲ್ಲ.

ಎಚ್-1ಬಿ ಮೇಲಿರುವ ತರುಣ ಸಂಸಾರಗಳಿಗೆ ಒಂದು ಮಾತು, ಸ್ವಲ್ಪ ಕಹಿಯಾದದ್ದು. ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳಲು ನಿಮಗಿರುವುದು ಹೆಚ್ಚೆಂದರೆ 60 ದಿನ. ಅಮೆಜಾನ್ ಗಿಳಿಯ ಆಯಸ್ಸು 50 ವರ್ಷ. ಹೊರಡಬೇಕಾದಾಗ ಗಿಳಿಯನ್ನು ಬೆಂಗಳೂರಿಗೆ ಕರೆದೊಯ್ಯೋಣ ಎಂದರೆ, ಕಾಕಟೀಲ್, ಬಡ್ಜಿ, ರಿಂಗ್‌ನೆಕ್, ಗುಲಾಬಿ ಮುಖದ ಲವ್ ಬರ್ಡ್ ಇವಿಷ್ಟನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಗಿಳಿಗಳೂ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ, ಗಡಿ ದಾಟಲು ಅನುಮತಿ ಪತ್ರ ಬೇಕು. ಆಫ್ರಿಕನ್ ಗ್ರೇಯನ್ನು 2016ರ ಸಮ್ಮೇಳನದಲ್ಲಿ ಅತಿ ಬಿಗಿಯಾದ ಮೊದಲನೆಯ ಪಟ್ಟಿಗೇ ಸೇರಿಸಿದರು. ಈ ದೇಶದೊಳಗೇ ಊರು ಬದಲಾಯಿಸಿದರೂ ತೊಂದರೆಯುಂಟು. ಶಿಕಾಗೋದ ಹೈಡ್ ಪಾರ್ಕಿನಲ್ಲಿ 1970ರ ದಶಕದಿಂದ ತಾವೇ ಗೂಡು ಕಟ್ಟಿಕೊಂಡು, ಈ ಹಿಮದಲ್ಲೂ ಬಾಳುವ ಹಸಿರು ಕ್ವೇಕರ್ ಗಿಳಿಗಳನ್ನು ನೀವು ನೋಡಿರಬಹುದು. ಮೇಯರ್ ಹೆರಾಲ್ಡ್ ವಾಷಿಂಗ್ಟನ್ನರ ಮನೆಯ ಎದುರೇ ಅವುಗಳ ಗೂಡಿತ್ತು. ಆ ಜಾತಿಯನ್ನು ಕ್ಯಾಲಿಫೋರ್ನಿಯಾದಲ್ಲೂ ಪೆನ್ಸಿಲ್ವೇನಿಯಾದಲ್ಲೂ ಸಾಕುವಂತಿಲ್ಲ. ನಾಳೆ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕರೆ ಏನು ಮಾಡುತ್ತೀರಿ? ಒಂದು ಗಿಳಿಯನ್ನು ಸ್ನೇಹಿತರ ಮನೆಯಲ್ಲಿ ಬಿಡಬಹುದು. ಎರಡನ್ನು ಒಟ್ಟಿಗೆ ಇಟ್ಟುಕೊಳ್ಳುವ ಸ್ನೇಹಿತರನ್ನು ನಾನಂತೂ ಕಂಡಿಲ್ಲ.

ಎಪ್ಪತ್ತರ ದಶಕದಲ್ಲಿ ಬಂದು ಕೂಟ ಕಟ್ಟಿದ ಹಿರಿಯರಿಗೆ ಇದೇ ಲೆಕ್ಕ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಮಕ್ಕಳು ದೂರದಲ್ಲಿದ್ದಾರೆ, ಮನೆ ಖಾಲಿ, ಒಂದು ಗಿಳಿಯಿದೆ, ಇನ್ನೊಂದಿರಲಿ ಎನಿಸುತ್ತದೆ. ಅರ್ಥವಾಗುತ್ತದೆ. ಆದರೆ ಮರಿ ಮಾತ್ರ ಬೇಡ. ಶೆಲ್ಟರಿನಲ್ಲಿ ವಯಸ್ಸಾದ ಗಿಳಿಗಳನ್ನು ಯಾರೂ ಕೇಳುವುದಿಲ್ಲ. ಅಂಥದ್ದೊಂದನ್ನು, ಇಲ್ಲವೇ ಹತ್ತು ವರ್ಷದ ಕಾಕಟೀಲನ್ನು ಕರೆತನ್ನಿ. ಜೊತೆಗೆ ಉಯಿಲಿನಲ್ಲಿ ಒಂದು ಸಾಲು ಬರೆಸಿ, ಯಾರು ನೋಡಿಕೊಳ್ಳಬೇಕು, ಅದಕ್ಕೆ ದುಡ್ಡೆಲ್ಲಿಂದ ಎಂದು. ಮಗನನ್ನು ಕೇಳದೆ ಅವನ ಹೆಸರು ಬರೆಸಬೇಡಿ.

ಕರೆತಂದ ದಿನವೇ ಎರಡನ್ನೂ ಎದುರುಬದುರು ಕೂರಿಸಿ ಫೋಟೋ ತೆಗೆಯುವ ಆತುರ ಬೇಡ. ಹೊಸದನ್ನು ಬೇರೆ ಕೋಣೆಯಲ್ಲಿ, ಸಾಧ್ಯವಾದರೆ ಗಾಳಿಯೂ ಬೆರೆಯದಂತೆ, 30ರಿಂದ 45 ದಿನ ಇಡಬೇಕು. ಆ ನಡುವೆ ವೈದ್ಯರು ಸಿಟಕೋಸಿಸ್, ಕೊಕ್ಕು ಮತ್ತು ಗರಿಯ ರೋಗ ಮುಂತಾದವುಗಳ ಪರೀಕ್ಷೆ ಮಾಡುತ್ತಾರೆ. ಸಿಟಕೋಸಿಸ್ ಮನುಷ್ಯರಿಗೂ ಅಂಟುವ ರೋಗ. ಮೊದಲನೆಯದಕ್ಕೆ ನೀರು, ಊಟ ಕೊಟ್ಟ ಮೇಲೆ ಎರಡನೆಯದರ ಕೋಣೆಗೆ ಹೋಗಿ, ಬಂದು ಕೈ ತೊಳೆದುಕೊಳ್ಳಿ. ಮೈಲಿಗೆ ಮಡಿ ನಮಗೆ ಯಾರೂ ಕಲಿಸಬೇಕಾಗಿಲ್ಲವಲ್ಲ!

ಮತ್ತೆ ಅಡುಗೆಮನೆ. ಇದನ್ನು ದಪ್ಪಕ್ಷರದಲ್ಲಿ ಹಾಕಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ: ನಾನ್‌ಸ್ಟಿಕ್ ದೋಸೆ ಕಾವಲಿ ಅತಿಯಾಗಿ ಕಾದರೆ ಅದರ ಹೊಗೆಗೆ ಗಿಳಿ ನಿಮಿಷಗಳಲ್ಲಿ ಸಾಯುತ್ತದೆ. ನಮಗೆ ವಾಸನೆಯೂ ಬಂದಿರುವುದಿಲ್ಲ. ಗಿಳಿಯಿರುವ ಮನೆಯಲ್ಲಿ ಕಬ್ಬಿಣದ ಕಾವಲಿಯೇ ಆಗಬೇಕು, ದೋಸೆಗೂ ಅದೇ ಒಳ್ಳೆಯದು. ಊದಿನಕಡ್ಡಿ, ಕರ್ಪೂರ, ಒಗ್ಗರಣೆಯ ಘಾಟು ಇವೂ ಅದರ ಶ್ವಾಸಕ್ಕೆ ಕೆಟ್ಟದ್ದು. ದೇವರ ಕೋಣೆಯಿಂದ ಪಂಜರ ದೂರವಿರಲಿ. ಅವಕಾಡೊ ಹಣ್ಣು ವಿಷ. ಗಿಳಿ ಹೊರಗಿದ್ದಾಗ ಸೀಲಿಂಗ್ ಫ್ಯಾನ್ ತಿರುಗಬಾರದು. ಊರಿನಿಂದ ಬಂದ ಅಮ್ಮ, ಅಪ್ಪನಿಗೂ ಇದನ್ನು ಹೇಳಿ. ಹೇಳುವಾಗ ಗದರಬೇಡಿ, ಗಿಣಿಗೆ ಹೇಳಿದ ಹಾಗೆ ಹೇಳಿ.

ಕೂಟದ ಸಮಿತಿಗೆ ನನ್ನ ಕೋರಿಕೆ ಎರಡು. ಬ್ರೀಡರ್ ಬೇಕು, ಮರಿ ಬೇಕು ಎಂಬ ಪ್ರಕಟಣೆಗಳನ್ನು ಈ ವಾರ್ತಾಪತ್ರದಲ್ಲಿ ಹಾಕುವುದು ನಿಲ್ಲಬೇಕು. ಆ ಜಾಗದಲ್ಲಿ, ಸುತ್ತಮುತ್ತಲ ಶೆಲ್ಟರುಗಳಲ್ಲಿ ಮನೆಗಾಗಿ ಕಾಯುತ್ತಿರುವ ಗಿಳಿಗಳ ವಿವರವನ್ನು ನಾನೇ ಪ್ರತಿ ಸಂಚಿಕೆಗೆ ಬರೆದುಕೊಡುತ್ತೇನೆ, ವಯಸ್ಸು, ಸ್ವಭಾವ, ಕೂಗು ಎಲ್ಲವನ್ನೂ ಸೇರಿಸಿ. ಎರಡನೆಯದು, ಬೇಸಿಗೆಯಲ್ಲಿ ಆರು ವಾರ ಊರಿಗೆ ಹೋಗುವವರ ಗಿಳಿಗಳನ್ನು ನೋಡಿಕೊಳ್ಳಲು ಸದಸ್ಯರೇ ಸರದಿಯ ಪ್ರಕಾರ ಒಂದು ಏರ್ಪಾಟು ಮಾಡಿಕೊಳ್ಳಬೇಕು. ಎಷ್ಟೋ ಗಿಳಿಗಳು ಶೆಲ್ಟರಿಗೆ ಬರುವುದು ಜೂನ್ ತಿಂಗಳಲ್ಲಿ, ಟಿಕೆಟ್ಟು ತೆಗೆದ ಮೇಲೆ. ಎರಡನ್ನೂ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಲಿಖಿತವಾಗಿ ಕೇಳಿದ್ದೇನೆ.

ನನಗೆ ಉತ್ತರ ಬರೆಯುವವರಿಗೆ ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಕೊಡುವುದಾಗಿ ಸಂಪಾದಕರು ಹೇಳಿದ್ದಾರೆ. ಖಂಡಿತ ಬರೆಯಿರಿ. ಮೊದಲ ಸಾಲಿನಲ್ಲಿ ಮಾತ್ರ, ನಿಮ್ಮ ಮನೆಯ ಗಿಳಿ ರಾತ್ರಿ ಎಷ್ಟು ಗಂಟೆಗೆ ಮಲಗುತ್ತದೆ ಎಂಬುದನ್ನು ತಿಳಿಸಿ.